ಕಂಡೋರ ಕಾಲು ಹಿಡಿಯೋ ಓದು

ಅಕ್ಕನ ಮಗಳು ಫಿಸಿಯೋಥೆರಪಿ ಕೊನೆಯ ವರ್ಷದಲ್ಲಿದ್ದಾಳೆ. ಮುಂದೆ ಪೊಡಿಯಾಟ್ರಿ ಓದ್ತೀನಿ, ಅದರಲ್ಲೂ ಆಟಗಾರರ ಪಾದ ನೋಡೋದನ್ನೇ ಕಲೀತೀನಿ ಅಂದಾಗ ಮುದ್ದೆ ಮುರಿಯುತ್ತಿದ್ದ ಭಾವನ ಕೈ ನಿಂತಿತು. "ಸಾಲ ಮಾಡಿ ಓದಿಸಿದ್ದು ಕಂಡೋರ ಕಾಲು ಹಿಡಿಯೋಕಾ?" ಅಕ್ಕ ನನ್ನ ಮುಖ ನೋಡಿದಳು. 26 ವರ್ಷ ಹೈಸ್ಕೂಲಿನಲ್ಲಿ ಪಿ.ಟಿ. ಮೇಷ್ಟ್ರಾಗಿದ್ದವನು ನಾನು. ಓದಲಿ ಬಿಡಿ ಭಾವ, ಅಂದೆ.

ಹಾಗನ್ನಲು ನನಗೊಂದು ಹಳೆಯ ಕಾರಣವಿದೆ. 800 ಮೀಟರ್ ಓಡುತ್ತಿದ್ದ ನಮ್ಮ ಶಾಲೆಯ ಹುಡುಗಿಯೊಬ್ಬಳು ಜಿಲ್ಲಾ ಮಟ್ಟದ ಓಟಕ್ಕೆ ಇನ್ನೊಂದು ತಿಂಗಳಿರುವಾಗ ಪಾದದ ಮೇಲೆ ನೋವು ಅಂದಳು. ಊತವಿಲ್ಲ, ಗಾಯವಿಲ್ಲ. ಉಪ್ಪು ಹಾಕಿದ ಬಿಸಿನೀರಲ್ಲಿ ಕಾಲಿಡು ಅಂದೆ. ಆಸ್ಪತ್ರೆಯಲ್ಲಿ ಎಕ್ಸ್‌ರೇ ನೋಡಿ ಏನೂ ಇಲ್ಲ ಅಂದರು. ಓಡಿಸಿದೆ. ಎಂಆರ್‌ಐ ಆಗುವ ಹೊತ್ತಿಗೆ ಪಾದದ ಕಮಾನಿನ ನೆತ್ತಿಯಲ್ಲಿರುವ ನೇವಿಕ್ಯುಲರ್ ಮೂಳೆ ಸೀಳಿತ್ತು. ಆ ಬಿರುಕು ಎಕ್ಸ್‌ರೇಗೆ ಎಷ್ಟೋ ಸಲ ಸಿಗುವುದೇ ಇಲ್ಲವಂತೆ. ಮೂಳೆಯ ನಡುಭಾಗಕ್ಕೆ ರಕ್ತದ ಹರಿವು ಕಡಿಮೆ, ಕೂಡುವುದೂ ನಿಧಾನ. ಬಲ್ಲವರಿಗೆ ಹೆಬ್ಬೆರಳಿನಿಂದ ಆ ಜಾಗ ಒತ್ತಿದರೇ ಅನುಮಾನ ಬರುತ್ತದೆ. ಆಗಲೇ ಸುಮಾರು ಆರು ವಾರ ಕಾಲೂರದಂತೆ ಪಟ್ಟಿ ಹಾಕಿ ಕೂರಿಸುತ್ತಾರೆ. ಅವಳ ಶೂ ಬಿಚ್ಚಿ ನೋಡುವ ಬುದ್ಧಿ ನನಗೆ ಬಂದದ್ದೂ ಆಮೇಲೆಯೇ. ಎರಡು ವರ್ಷ ಬರಲಿ ಅಂತ ದೊಡ್ಡ ಸೈಜು ತಂದಿದ್ದರು. ತುದಿಗೆ ಬಟ್ಟೆ ತುರುಕಿತ್ತು.

ಅಥ್ಲೀಟ್ ಸ್ವಪ್ನಾ ಬರ್ಮನ್ ಅವರಿಗೆ ಎರಡೂ ಕಾಲಲ್ಲಿ ಆರಾರು ಬೆರಳು. 2018ರ ಏಷ್ಯನ್ ಗೇಮ್ಸ್‌ನಲ್ಲಿ ಹೆಪ್ಟಾಥ್ಲಾನ್ ಚಿನ್ನ ಬಂದ ಮೇಲಷ್ಟೇ ಅವರ ಶೂ ಬಗ್ಗೆ ಊರೆಲ್ಲ ಮಾತಾಡಿತು. ಪದಕ ಬಾರದವರ ಶೂ ಯಾರು ನೋಡುತ್ತಾರೆ? ಕ್ರೀಡಾ ಹಾಸ್ಟೆಲ್‌ಗಳಿಗೆ ವಾರಕ್ಕೊಮ್ಮೆಯಾದರೂ ಪಾದ ಬಲ್ಲವರು ಬರುವಂತಾಗಬೇಕು.

ಹಾಗಂತ ಅಕ್ಕನ ಮಗಳಿಗೆ ಸುಳ್ಳು ಹೇಳಲಿಲ್ಲ. ಆಸ್ಟ್ರೇಲಿಯಾದಲ್ಲಿ ಪೊಡಿಯಾಟ್ರಿ ಸಾಮಾನ್ಯವಾಗಿ 4 ವರ್ಷದ ಪದವಿ. ಅಮೆರಿಕದಲ್ಲಿ ಕಾಲೇಜು ಮುಗಿಸಿ ಮತ್ತೆ 4 ವರ್ಷ, ಮೇಲೆ ರೆಸಿಡೆನ್ಸಿ. ನಮ್ಮಲ್ಲಿ 2021ರ ಆರೋಗ್ಯ ವೃತ್ತಿಗಳ ಕಾಯ್ದೆಯ ಪಟ್ಟಿಯಲ್ಲಿ ಪೊಡಿಯಾಟ್ರಿಸ್ಟ್ ಹೆಸರಿದೆ, ಸರಿ. ಆದರೆ ನಮ್ಮ ತಾಲ್ಲೂಕು ಆಸ್ಪತ್ರೆಯಲ್ಲಿ ಅಂಥ ಬೋರ್ಡು ನಾನು ಕಂಡಿಲ್ಲ. ಓಟಗಾರರನ್ನೇ ನಂಬಿ ಕ್ಲಿನಿಕ್ ತೆರೆದರೆ ಬಾಡಿಗೆ ಹುಟ್ಟುವುದಿಲ್ಲ. ಬೆಳಗ್ಗೆ ಸಕ್ಕರೆ ಕಾಯಿಲೆಯವರ ಪಾದ, ಸಂಜೆ ಮೈದಾನ, ಹಾಗೆ ಮಾಡು ಅಂದೆ.

"ಗೊತ್ತು ಮಾವ" ಅಂದವಳೇ ಬ್ಯಾಗಿನಿಂದ ಕಡ್ಡಿಗೆ ಸಿಕ್ಕಿಸಿದ ನೈಲಾನ್ ಎಳೆಯೊಂದನ್ನು ತೆಗೆದಳು. ಭಾವನಿಗೆ ಹನ್ನೆರಡು ವರ್ಷದಿಂದ ಸಕ್ಕರೆ ಕಾಯಿಲೆ. ಊಟ ಮುಗಿಸಿ ಕೈತೊಳೆದು ಬಂದವರನ್ನು ಕೂರಿಸಿ, ಕಣ್ಣು ಮುಚ್ಚಿಸಿ, ಪಾದ ತೊಡೆಯ ಮೇಲಿಟ್ಟುಕೊಂಡು ಹೆಬ್ಬೆರಳಿನ ಬುಡಕ್ಕೆ ಆ ಎಳೆ ಬಾಗುವಷ್ಟು ಒತ್ತಿದಳು. ಮತ್ತೆ ಇನ್ನೊಂದು ಕಡೆ. ಮತ್ತೆ ಹಿಮ್ಮಡಿಗೆ.

"ಮುಟ್ಟಿದ ತಕ್ಷಣ ಹೇಳು ಅಂದೆನಲ್ಲ ಅಪ್ಪ."

"ನೀನು ಮುಟ್ಟಿದರೆ ತಾನೇ?" ಅಂದರು ಭಾವ, ಕಣ್ಣು ಮುಚ್ಚಿಕೊಂಡೇ.