ಬಾನೆಟ್ಟಿನೊಳಗಿನ ಜಾಗ ಯಾರದು?

ಬಹಳ ದಿನಗಳಿಂದ ಈ ಪುಟದಲ್ಲಿ ಏನನ್ನೂ ಬರೆಯಲಾಗಲಿಲ್ಲ. ಅಡಕೆ ಕೊಯ್ಲು, ಅದು ಮುಗಿಯುವಷ್ಟರಲ್ಲಿ ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆ, ಹೀಗೆ ಕಾರಣಗಳು. "ಮೇಷ್ಟ್ರು ಬರೆಯುವುದನ್ನೇ ಬಿಟ್ಟರೆ?" ಎಂದು ವಿಚಾರಿಸಿದ ಹಳೆಯ ವಿದ್ಯಾರ್ಥಿಗಳಿಗೆ ನನ್ನ ಕೃತಜ್ಞತೆಗಳು. ಇಂದಿನ ವಿಷಯ ನನ್ನ ವಯಸ್ಸಿಗೆ ಒಪ್ಪುವಂಥದಲ್ಲವೆಂದು ಕೆಲವರಿಗೆ ತೋರಬಹುದು. ಕಾರಿನ ಎಂಜಿನ್ನಿಗೆ ಹೆಚ್ಚಿನ ಶಕ್ತಿ ಕೊಡುವ ಸಲಕರಣೆಗಳಿಗೆ ಜಾಗ ಮಾಡುವುದಕ್ಕಾಗಿ ಅದರ ಎ.ಸಿ.ಯನ್ನು ಕಿತ್ತುಹಾಕುವುದು ಸರಿಯೆ? ಇದು ಪ್ರಶ್ನೆ. ತೀರ್ಥಹಳ್ಳಿಯಲ್ಲಿರುವ ನನ್ನ ತಂಗಿಯ ಮನೆಯ ಜಗಲಿಯಲ್ಲಿ, ದೀಪಾವಳಿಯ ರಜೆಯಲ್ಲಿ, ಈ ಪ್ರಶ್ನೆ ಎದ್ದಿತು. ಅದರ ಬಗ್ಗೆ ನನ್ನ ಅಭಿಪ್ರಾಯವನ್ನು ಹೇಳದೆ ಇರಲು ನನ್ನಿಂದ ಆಗುತ್ತಿಲ್ಲ.

ತಂಗಿಯ ಮಗ ಬೆಂಗಳೂರಿನಲ್ಲಿ ಉದ್ಯೋಗದಲ್ಲಿದ್ದಾನೆ. ಒಂಬತ್ತನೆಯ ತರಗತಿಯಲ್ಲಿ ನನ್ನಿಂದಲೇ ವಿಜ್ಞಾನದ ಪಾಠ ಹೇಳಿಸಿಕೊಂಡವನು. ಅವನ ತಂದೆ 2003ರಲ್ಲಿ ಕೊಂಡ ಮಾರುತಿ ಎಸ್ಟೀಮ್ ಕಾರು ಅವರು ತೀರಿಕೊಂಡ ಮೇಲೂ ಆ ಮನೆಯಲ್ಲಿದೆ. ತಂಗಿಯನ್ನು ತಿಂಗಳಿಗೊಮ್ಮೆ ಚಿಕಿತ್ಸೆಗಾಗಿ ಮಣಿಪಾಲಕ್ಕೆ ಕರೆದೊಯ್ಯುವುದು ಆ ಕಾರಿನಲ್ಲಿಯೇ. ಪಕ್ಕದ ಮನೆಯ ಹುಡುಗ ಓಡಿಸುತ್ತಾನೆ, ನಾನು ಜೊತೆಗೆ ಹೋಗುತ್ತೇನೆ. ಅಳಿಯನಿಗೆ ಕಾರಿನ ಹುಚ್ಚು ಮೊದಲಿನಿಂದಲೂ ಇದೆ. ಈ ಸಲ ಬರುವಾಗ ಒಂದು ರಟ್ಟಿನ ಪೆಟ್ಟಿಗೆಯಲ್ಲಿ ಟರ್ಬೋಚಾರ್ಜರನ್ನೇ ಹೊತ್ತು ತಂದಿದ್ದನು. ಬಾನೆಟ್ಟನ್ನು ತೆಗೆದು ನಿಂತು, "ಮಾವ, ಇಲ್ಲಿ ಎ.ಸಿ. ಕೂತಿದೆಯಲ್ಲ, ಅದು ಹೋದರೆ ಎಲ್ಲಕ್ಕೂ ಜಾಗ ಆಗುತ್ತೆ. ಮಲೆನಾಡಿನಲ್ಲಿ ಎ.ಸಿ. ಯಾರಿಗೆ ಬೇಕು? ಕಿಟಕಿ ಇಳಿಸಿದರೆ ಆಯಿತು" ಎಂದನು. ಒಳಗಿನಿಂದ ಕಾಫಿ ತಂದ ತಂಗಿ, "ಅವರಪ್ಪನ ಕಾರು ಅಣ್ಣಯ್ಯ, ಅವನಿಗೆ ಬೇಕಾದ ಹಾಗೆ ಮಾಡಿಕೊಳ್ಳಲಿ ಬಿಡಿ" ಎಂದಳು. ಆ ಮಾತು ಮುಗಿದಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು.

ಮೊದಲು ಅವನ ಪಕ್ಷವನ್ನು ನ್ಯಾಯವಾಗಿ ಹೇಳುತ್ತೇನೆ, ಏಕೆಂದರೆ ಅದರಲ್ಲಿ ಹುರುಳಿದೆ. ನಿಮ್ಮ ಅಂಗೈಯ ಮೇಲೆ ನಾನು ಸ್ಪಿರಿಟ್ ಹನಿಸಿ, ಊದಿಸಿ, "ತಣ್ಣಗಾಯಿತೆ?" ಎಂದು ಕೇಳುತ್ತಿದ್ದುದು ನಿಮಗೆ ನೆನಪಿರಬಹುದು. ಆವಿಯಾಗುವ ದ್ರವ ಸುತ್ತಲಿನ ಶಾಖವನ್ನು ಹೀರಿಕೊಳ್ಳುತ್ತದೆ. ಕಾರಿನ ಎ.ಸಿ. ಮಾಡುವುದೂ ಅದನ್ನೇ, ವ್ಯತ್ಯಾಸವೆಂದರೆ ಅಲ್ಲಿ ಆವಿಯಾದುದನ್ನು ಬಿಟ್ಟುಬಿಡದೆ, ಎಂಜಿನ್ನಿನ ಬೆಲ್ಟಿನಿಂದ ತಿರುಗುವ ಕಂಪ್ರೆಸರು ಅದನ್ನು ಒತ್ತಿ, ಕಾರಿನ ಮೂತಿಯಲ್ಲಿರುವ ಕಂಡೆನ್ಸರಿಗೆ ಕಳುಹಿಸುತ್ತದೆ. ಎದುರುಗಾಳಿಗೆ ಅದು ತನ್ನ ಶಾಖವನ್ನು ಬಿಟ್ಟು ಮತ್ತೆ ದ್ರವವಾಗುತ್ತದೆ. ಇನ್ನು ಟರ್ಬೋಚಾರ್ಜರ್. ಅದು ಎಂಜಿನ್ನಿನಿಂದ ಹೊರಬೀಳುವ ಹೊಗೆಯ ರಭಸದಿಂದಲೇ ತಿರುಗಿ, ಹೆಚ್ಚು ಗಾಳಿಯನ್ನು ಎಂಜಿನ್ನಿಗೆ ತುರುಕುತ್ತದೆ. ಒತ್ತಿದ ಗಾಳಿ ಬಿಸಿಯಾಗುತ್ತದೆ. ಸೈಕಲ್ ಪಂಪಿನ ಬುಡವನ್ನು ಮುಟ್ಟಿ ನೋಡಿದವರಿಗೆಲ್ಲ ಇದು ಗೊತ್ತು. ಬಿಸಿ ಗಾಳಿಯಲ್ಲಿ ಆಮ್ಲಜನಕದ ಸಾಂದ್ರತೆ ಕಡಿಮೆ. ಆದ್ದರಿಂದ ಅದನ್ನು ತಣಿಸಲು ಇಂಟರ್‌ಕೂಲರ್ ಎಂಬ ಇನ್ನೊಂದು ಜಾಲರಿ ಬೇಕು. ಅದಕ್ಕೂ ಮೂತಿಯಲ್ಲಿಯೇ, ಗಾಳಿಗೆ ಎದುರಾಗಿಯೇ ಜಾಗ ಬೇಕು. ಹಿಂದೆ ರೇಡಿಯೇಟರು ಬೇರೆ ತನ್ನ ಪಾಲಿನ ಗಾಳಿಗಾಗಿ ಕಾದಿರುತ್ತದೆ. ಒಂದೇ ಗಾಳಿಗೆ ಮೂವರು ಹಕ್ಕುದಾರರು. ಅವರಲ್ಲಿ ಒಬ್ಬನನ್ನು ಹೊರಹಾಕಿದರೆ ಉಳಿದ ಇಬ್ಬರು ಸುಖವಾಗಿರುತ್ತಾರೆ ಎಂಬ ಅಳಿಯನ ವಾದದಲ್ಲಿ ಭೌತಶಾಸ್ತ್ರದ ತಪ್ಪೇನೂ ಇಲ್ಲ.

ಪರಂಪರೆಯೂ ಅವನ ಕಡೆಗಿದೆ. ಇಂಗ್ಲೆಂಡಿನ ಲೋಟಸ್ ಕಾರುಗಳ ನಿರ್ಮಾತೃ ಕಾಲಿನ್ ಚಾಪ್‌ಮನ್ ಭಾರ ಇಳಿಸುವುದನ್ನೇ ತಮ್ಮ ವಿನ್ಯಾಸದ ತಿರುಳಾಗಿ ಇಟ್ಟುಕೊಂಡಿದ್ದವರು. ಪೋರ್ಷೆ ಕಂಪನಿ 1973ರ ಕರೇರಾ ಆರ್.ಎಸ್. ಕಾರಿನ ಹಗುರ ಮಾದರಿಯಲ್ಲಿ ಹಿಂದಿನ ಆಸನವನ್ನೂ ಗಡಿಯಾರವನ್ನೂ ತೆಗೆದುಹಾಕಿತ್ತು. ನಮ್ಮ ಕೆ-1000 ರ‍್ಯಾಲಿಯಲ್ಲಿ ಓಡುವ ಕಾರುಗಳ ಒಳಗೆ ಇಣುಕಿ ನೋಡಿದರೆ ಕಬ್ಬಿಣದ ಪಂಜರವೊಂದನ್ನು ಬಿಟ್ಟು ಮತ್ತೇನೂ ಕಾಣಿಸದು.

ಜಾಗದ ಈ ಜಗಳ ಎ.ಸಿ.ಯ ಜೊತೆಯಲ್ಲಿಯೇ ಹುಟ್ಟಿದ್ದು ಎಂಬುದು ಒಂದು ಸ್ವಾರಸ್ಯ. ಕಾರಿನಲ್ಲಿ ಎ.ಸಿ.ಯನ್ನು ಮೊದಲು ಮಾರಾಟಕ್ಕಿಟ್ಟದ್ದು ಅಮೆರಿಕದ ಪ್ಯಾಕಾರ್ಡ್ ಕಂಪನಿ, 1939ರಲ್ಲಿ. ಅದರ ತಣ್ಣನೆಯ ಸುರುಳಿಯೂ ಬೀಸಣಿಗೆಯೂ ಸೇರಿ ಹಿಂದಿನ ಡಿಕ್ಕಿಯ ದೊಡ್ಡ ಪಾಲನ್ನು ನುಂಗಿಹಾಕುತ್ತಿದ್ದವು. ಅದಕ್ಕಿಂತ ಮುಖ್ಯವಾಗಿ, ಅದರ ಕಂಪ್ರೆಸರಿಗೆ ಕ್ಲಚ್ ಇರಲಿಲ್ಲ. ಎಂಜಿನ್ ತಿರುಗುತ್ತಿದ್ದಷ್ಟು ಹೊತ್ತೂ ಅದು ತಿರುಗುತ್ತಲೇ ಇರಬೇಕು. ಬೇಡವೆಂದರೆ ಕಾರು ನಿಲ್ಲಿಸಿ, ಬಾನೆಟ್ ಎತ್ತಿ, ಬೆಲ್ಟನ್ನು ಕೈಯಿಂದ ಬಿಚ್ಚಬೇಕು. ಎರಡು ಮೂರು ವರ್ಷಗಳಲ್ಲಿ ಕಂಪನಿ ಅದನ್ನು ಕೈಬಿಟ್ಟಿತು. ಇಡೀ ವ್ಯವಸ್ಥೆ ಅಚ್ಚುಕಟ್ಟಾಗಿ ಮುಂಭಾಗಕ್ಕೆ ಬಂದದ್ದು 1954ರ ನ್ಯಾಶ್ ಕಾರಿನಲ್ಲಿ. ಡಿಕ್ಕಿಯಿಂದ ಬಾನೆಟ್ಟಿಗೆ ಬಂದು ಕುಳಿತ ಅದನ್ನು ಈಗ ಅಲ್ಲಿಂದಲೂ ಎಬ್ಬಿಸುತ್ತಿದ್ದಾರೆ.

ಪ್ಯಾಕಾರ್ಡಿನ ಆ ಬೆಲ್ಟಿನ ಕತೆಯಲ್ಲಿ ನನ್ನ ಮೊದಲ ಆಕ್ಷೇಪವಿದೆ. ಇಂದಿನ ಕಂಪ್ರೆಸರು ಹಾಗಲ್ಲ. ಸ್ವಿಚ್ಚನ್ನು ಆರಿಸಿದೊಡನೆ ವಿದ್ಯುತ್ಕಾಂತೀಯ ಕ್ಲಚ್ ಅದನ್ನು ಎಂಜಿನ್ನಿನಿಂದ ಬೇರ್ಪಡಿಸುತ್ತದೆ; ರಾಟೆ ಮಾತ್ರ ಬರಿದೆ ಸುತ್ತುತ್ತಿರುತ್ತದೆ. ಸಣ್ಣ ಕಾರಿನಲ್ಲಿ ಎ.ಸಿ. ಪೂರ್ತಿ ದುಡಿಯುವಾಗ ಎಂಜಿನ್ನಿನಿಂದ ಸುಮಾರು 3ರಿಂದ 5 ಅಶ್ವಶಕ್ತಿಯನ್ನು ಕೇಳುತ್ತದೆ. 37 ಅಶ್ವಶಕ್ತಿಯ ಮಾರುತಿ 800ರಲ್ಲಿ ಘಾಟಿ ಹತ್ತಿದವರೆಲ್ಲರೂ ಲಾರಿಯನ್ನು ಹಿಂದೆ ಹಾಕುವ ಮುನ್ನ ಎ.ಸಿ. ಆರಿಸಿದವರೇ! ಎಸ್ಟೀಮಿಗೆ 85 ಅಶ್ವಶಕ್ತಿಯಿದೆ. ಆ ನಾಲ್ಕೈದು ಅಶ್ವಗಳು ಬೇಕೆಂದರೆ ಒಂದು ಬೆರಳಿನ ಕೆಲಸ, ಸ್ಪ್ಯಾನರು ಬೇಡ. ಉಳಿದದ್ದು ಭಾರ. ಕಂಪ್ರೆಸರು, ಕಂಡೆನ್ಸರು, ಕೊಳವೆಗಳು ಎಲ್ಲ ಸೇರಿ 20 ಕಿಲೋ ಎಂದಿಟ್ಟುಕೊಳ್ಳಿ. ಸುಮಾರು 900 ಕಿಲೋ ತೂಗುವ ಕಾರಿಗೆ ಅದು ನೂರಕ್ಕೆ ಎರಡರಷ್ಟು, ಅಂದರೆ ಹಿಂದಿನ ಸೀಟಿನಲ್ಲಿ ಒಂದು ಸಣ್ಣ ಮಗು ಕುಳಿತಂತೆ. ಆದ್ದರಿಂದ ಶಕ್ತಿಗಾಗಿ, ಭಾರಕ್ಕಾಗಿ ಎಂಬ ಮಾತು ನಿಲ್ಲುವುದಿಲ್ಲ. ನಿಲ್ಲುವುದು ಜಾಗದ ಮಾತೊಂದೇ.

ಫೆರಾರಿ ಕಂಪನಿ 1987ರಲ್ಲಿ ಎಫ್40 ಎಂಬ ಕಾರನ್ನು ಹೊರತಂದಿತು. ಎರಡು ಟರ್ಬೋಗಳು. ಭಾರ ಉಳಿಸಲು ಅದರಲ್ಲಿ ರೇಡಿಯೋ ಇಡಲಿಲ್ಲ, ನೆಲಕ್ಕೆ ಜಮಖಾನೆ ಇಲ್ಲ, ಬಾಗಿಲು ತೆಗೆಯಲು ಹಿಡಿಕೆಗೆ ಬದಲಾಗಿ ಒಂದು ಹುರಿ. ಆದರೆ ಎ.ಸಿ.ಯನ್ನು ಉಳಿಸಿಕೊಂಡರು! ಆ ಗೂಡಿನೊಳಗೆ ಬೆಂದುಹೋಗುವ ಮನುಷ್ಯ ಚೆನ್ನಾಗಿ ಓಡಿಸಲಾರನೆಂದು ಅವರಿಗೆ ಗೊತ್ತಿತ್ತು. ಇದನ್ನು ಹೇಳಿದಾಗ ಅಳಿಯ ನಕ್ಕು, "ಅದರ ಎಂಜಿನ್ ಹಿಂದೆ ಇದೆ ಮಾವ, ಅವರಿಗೆ ಜಾಗ ಸಿಕ್ಕಿತು" ಎಂದನು. ಅದೂ ಸರಿಯೇ. ವಿದ್ಯಾರ್ಥಿ ತಿರುಗಿ ಉತ್ತರ ಕೊಟ್ಟಾಗ ನನಗೆ ಮೊದಲಿನಿಂದಲೂ ಸಂತೋಷವೇ.

ಆದರೆ 'ಮಲೆನಾಡಿನಲ್ಲಿ ಎ.ಸಿ. ಯಾರಿಗೆ ಬೇಕು' ಎಂಬ ಮಾತನ್ನು ನಾನು ಬಿಡಲಾರೆ. ಒಂದು ಕಾಲಕ್ಕೆ ಅದು ನನ್ನದೇ ಮಾತಾಗಿತ್ತು. ನಾನು ಕೊಂಡ ಮಾರುತಿ 800ಕ್ಕೆ ಎ.ಸಿ. ಇರಲಿಲ್ಲ, ಇಲ್ಲದಿರುವುದೇ ಒಂದು ಹೆಮ್ಮೆಯಾಗಿತ್ತು. 1997ರ ಜುಲೈ ತಿಂಗಳಿನ ಒಂದು ರಾತ್ರಿ, ಉಡುಪಿಯಲ್ಲಿ ಮದುವೆಯೊಂದನ್ನು ಮುಗಿಸಿಕೊಂಡು ಪತ್ನಿಯೊಡನೆ ಆಗುಂಬೆ ಘಾಟಿ ಹತ್ತುತ್ತಿದ್ದೆ. ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುವ ಊರು ಅದು. ಆ ರಾತ್ರಿ ಹೇಗಿತ್ತೆಂದು ವರ್ಣಿಸಬೇಕಿಲ್ಲ. ಕಿಟಕಿ ಇಳಿಸುವ ಹಾಗಿರಲಿಲ್ಲ. ಒದ್ದೆ ಬಟ್ಟೆ, ಒದ್ದೆ ಕೊಡೆ, ಇಬ್ಬರ ಉಸಿರು, ಹೊರಗಿನಿಂದ ತಣ್ಣಗಾದ ಗಾಜು. ಮೂರನೆಯ ತಿರುವಿನಷ್ಟರಲ್ಲಿ ಮುಂದಿನ ಗಾಜು ಒಳಗಿನಿಂದ ಹಾಲಿನಂತೆ ಬೆಳ್ಳಗಾಯಿತು. ವೈಪರು ಹೊರಗೆ ತಿರುಗುತ್ತಿತ್ತು. ಆವಿ ಕಟ್ಟಿದ್ದು ಒಳಗೆ. ನನ್ನವಳು ಸೆರಗಿನಿಂದ ಒರೆಸುತ್ತಾಳೆ, ಅರ್ಧ ನಿಮಿಷದಲ್ಲಿ ಮತ್ತೆ ಬೆಳ್ಳಗಾಗುತ್ತದೆ. 14 ತಿರುವುಗಳಲ್ಲಿ ಎಷ್ಟನೆಯದೋ ತಿಳಿಯದು, ಮೇಲಿನಿಂದ ಇಳಿದು ಬರುತ್ತಿದ್ದ ಮಿನಿಬಸ್ಸಿನ ಹಾರನ್ನು ಕೇಳಿಸಿತೇ ಹೊರತು ಬಸ್ಸು ಕಾಣಿಸಲಿಲ್ಲ. ಕಂಡಾಗ ಅದರ ಬಂಪರು ನನ್ನ ಬಾಗಿಲಿನಿಂದ ಒಂದು ಮೊಳ ದೂರದಲ್ಲಿತ್ತು. ನಾವು ಇಬ್ಬರೂ ಆಗುಂಬೆ ತಲಪುವವರೆಗೆ ಮಾತನಾಡಲಿಲ್ಲ. ಇಬ್ಬನಿ ಬಿಂದುವಿನ ಪಾಠವನ್ನು ಇಪ್ಪತ್ತು ವರ್ಷ ಮಾಡಿದ್ದವನಿಗೆ ಅಂದು ಅದು ಅರ್ಥವಾಯಿತು.

ಎ.ಸಿ. ಗಾಳಿಯನ್ನು ತಣಿಸುವುದಷ್ಟೇ ಅಲ್ಲ, ಒಣಗಿಸುತ್ತದೆ. ಒಳಗಿನ ತಣ್ಣನೆಯ ಸುರುಳಿಯ ಮೇಲೆ ಗಾಳಿಯ ತೇವ ನೀರಾಗಿ ಕೂಡಿ, ಕೊಳವೆಯ ಮೂಲಕ ಕಾರಿನ ಕೆಳಗೆ ತೊಟ್ಟಿಕ್ಕುತ್ತದೆ. ಒಮ್ಮೆ ಮಣಿಪಾಲದಲ್ಲಿ ಆ ನೀರನ್ನು ಕಂಡು ತಂಗಿ, "ಕಾರು ಸೋರುತ್ತಿದೆಯಲ್ಲ ಅಣ್ಣಯ್ಯ" ಎಂದು ಗಾಬರಿಯಾಗಿದ್ದಳು. ಆ ಒಣ ಗಾಳಿಯನ್ನು ಗಾಜಿಗೆ ಬಿಟ್ಟರೆ ಕ್ಷಣಮಾತ್ರದಲ್ಲಿ ದಾರಿ ಕಾಣಿಸುತ್ತದೆ. ಹೀಟರಿನ ಬಿಸಿ ಗಾಳಿಯಿಂದಲೂ ಗಾಜು ತಿಳಿಯಾಗುತ್ತದೆ ಎಂದು ಅಳಿಯ ಹೇಳಿದನು. ಆಗುತ್ತದೆ, ನಿಧಾನವಾಗಿ, ಆದರೆ ಘಾಟಿಯ ಕೆಳಗಿನ ಸೋಮೇಶ್ವರದ ಸೆಕೆಯಲ್ಲಿ ಹೀಟರು ಹಾಕಿಕೊಂಡು ಕೂರುವವರು ಯಾರು?

ಇನ್ನು ಅನಿಲದ ಮಾತು. ಹಳೆಯ ಎ.ಸಿ.ಗಳಲ್ಲಿದ್ದ ಆರ್-12 ಓಝೋನ್ ಪದರವನ್ನು ಕೆಡಿಸುತ್ತದೆಂದು 1987ರ ಮಾಂಟ್ರಿಯಲ್ ಒಪ್ಪಂದದಿಂದ ಅದನ್ನು ಹಂತಹಂತವಾಗಿ ಬಿಡಲಾಯಿತು. ಅದರ ಬದಲಿಗೆ ಬಂದ ಆರ್-134ಎ ಓಝೋನಿಗೆ ಹಾನಿ ಮಾಡದು, ಆದರೆ ಭೂಮಿಯನ್ನು ಬಿಸಿಮಾಡುವುದರಲ್ಲಿ ಇಂಗಾಲದ ಡೈಆಕ್ಸೈಡಿಗಿಂತ ನೂರು ವರ್ಷಗಳ ಲೆಕ್ಕದಲ್ಲಿ ಸುಮಾರು 1,400 ಪಟ್ಟು ಬಲಶಾಲಿ. ಕೊಳವೆಯ ನಟ್ಟನ್ನು ಸಡಿಲಿಸಿ 'ಸುಂಯ್' ಎಂದು ಬಿಟ್ಟುಬಿಡುವ ಅರ್ಧ ಕಿಲೋ ಅನಿಲ 700 ಕಿಲೋ ಇಂಗಾಲದ ಡೈಆಕ್ಸೈಡಿಗೆ ಸಮ. ಒಂದು ಲೀಟರ್ ಪೆಟ್ರೋಲು ಉರಿದರೆ 2.3 ಕಿಲೋ ಬರುತ್ತದೆ. ಅಂದರೆ ಇದು 300 ಲೀಟರ್ ಪೆಟ್ರೋಲು ಸುಟ್ಟ ಹಾಗೆ. ತೀರ್ಥಹಳ್ಳಿಯಿಂದ ಮಣಿಪಾಲಕ್ಕೆ ಹೋಗಿ ಬರಲು ಹೆಚ್ಚುಕಡಿಮೆ 180 ಕಿಲೋಮೀಟರು. ಲೀಟರಿಗೆ 13 ಕಿಲೋಮೀಟರಿನಂತೆ ಲೆಕ್ಕ ಹಾಕಿ ನೋಡಿದೆ: ತಂಗಿಯ ಸುಮಾರು ಎರಡು ವರ್ಷಗಳ ಆಸ್ಪತ್ರೆಯ ಓಡಾಟ ಆ ಒಂದು 'ಸುಂಯ್'ನಲ್ಲಿ ಹೋಗುತ್ತದೆ. ಯಾರಾದರೂ ಎ.ಸಿ. ತೆಗೆಸಲೇಬೇಕೆಂದರೆ, ಅನಿಲವನ್ನು ಯಂತ್ರದಿಂದ ಹೀರಿ ಸಿಲಿಂಡರಿಗೆ ತುಂಬಿಕೊಳ್ಳುವ ಅಂಗಡಿಯಲ್ಲಿಯೇ ತೆಗೆಸಿರಿ. ಇದು ನನ್ನ ಕೋರಿಕೆ.

ಕಾನೂನಿನ ಮಾತನ್ನೂ ಒಂದು ಸಾಲಿನಲ್ಲಿ ಹೇಳಿಬಿಡುತ್ತೇನೆ. 1988ರ ಮೋಟಾರು ವಾಹನ ಕಾಯಿದೆಯ 52ನೆಯ ಕಲಮಿನ ಪ್ರಕಾರ, ತಯಾರಕರು ನಮೂದಿಸಿದ ವಿವರಗಳಿಗೆ ಹೊಂದದಂತೆ ವಾಹನವನ್ನು ಮಾರ್ಪಡಿಸಿ ರಸ್ತೆಗೆ ಇಳಿಸುವ ಹಾಗಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟೂ ಅದನ್ನು ಎತ್ತಿಹಿಡಿದಿದೆ. ಚೆನ್ನೈ ಬಳಿಯ ಇರುಂಗಾಟ್ಟುಕೋಟ್ಟೈ ಪಂದ್ಯದ ಹಾದಿಯಲ್ಲಿ ಮಾತ್ರ ಓಡುವ ಕಾರಿನ ವಿಚಾರ ಬೇರೆ. ಅಲ್ಲಿಗೆಂದೇ ಒಂದು ಕಾರನ್ನು ಇಟ್ಟುಕೊಂಡು, ಅದರಿಂದ ಎ.ಸಿ. ಮಾತ್ರವಲ್ಲ, ಸೀಟುಗಳನ್ನೂ ಕಿತ್ತೆಸೆದರೆ ನನ್ನ ತಕರಾರಿಲ್ಲ. ಅಲ್ಲಿ ಕಷ್ಟ ಪಡುವವನೂ ಓಡಿಸುವವನೂ ಒಬ್ಬನೇ.

ನನ್ನ ತಕರಾರು ಇರುವುದು ಇಲ್ಲಿ. ಬಾನೆಟ್ಟಿನೊಳಗೆ ಒಂದಿಷ್ಟು ಜಾಗವಿದೆ. ಅದರಲ್ಲಿ ಎಂಜಿನ್ನಿನ ಪಾಲು ಓಡಿಸುವವನದು, ಎ.ಸಿ.ಯ ಪಾಲು ಹಿಂದಿನ ಸೀಟಿನಲ್ಲಿ ಕುಳಿತವರದು. ಆರ್.ಸಿ. ಪುಸ್ತಕದಲ್ಲಿ ಹೆಸರಿರುವುದು ಒಬ್ಬನದೇ ಆದರೂ ಇದು ಹೀಗೆಯೇ. ಮೇ ತಿಂಗಳಿನಲ್ಲಿ ಮಣಿಪಾಲದಿಂದ ಹಿಂದಿರುಗುವಾಗ ತಂಗಿಗೆ ಮಾತನಾಡಲೂ ತ್ರಾಣವಿರುವುದಿಲ್ಲ. ಹೆಬ್ರಿಯವರೆಗೂ ಕರಾವಳಿಯ ಬೇಗೆ, ಧೂಳು. ಕಿಟಕಿ ಏರಿಸಿ, ತಲೆಯನ್ನು ಗಾಜಿಗೆ ಒರಗಿಸಿ ಮಲಗಿಬಿಡುತ್ತಾಳೆ. ಎ.ಸಿ. ಹಾಕು ಎಂದು ಅವಳು ಒಂದು ದಿನವೂ ಕೇಳಿದವಳಲ್ಲ. ಆ ಹುಡುಗನೇ ಕನ್ನಡಿಯಲ್ಲಿ ಅವಳ ಮುಖ ನೋಡಿ ಹಾಕುತ್ತಾನೆ. ಕೇಳದವರ ಪಾಲನ್ನು ತೆಗೆದುಕೊಳ್ಳುವುದು ಬಹಳ ಸುಲಭ. 'ಬಿಡಿ ಅಣ್ಣಯ್ಯ' ಎಂಬ ಅವಳ ಮಾತನ್ನು ನಾನು ಒಪ್ಪಿಗೆಯೆಂದು ತಿಳಿಯಲಾರೆ.

ಇದನ್ನೆಲ್ಲ ಅಳಿಯನಿಗೆ ಹೇಳಿದೆ, ಪ್ರಾಯಶಃ ತರಗತಿಯಲ್ಲಿ ಹೇಳುತ್ತಿದ್ದುದಕ್ಕಿಂತ ಸ್ವಲ್ಪ ಗಟ್ಟಿಯಾಗಿಯೇ. ಅವನು ಉತ್ತರಿಸಲಿಲ್ಲ. ಬಹಳ ಹೊತ್ತು ಬಾನೆಟ್ಟಿನ ಅಂಚು ಹಿಡಿದು ನಿಂತಿದ್ದನು. ಆಮೇಲೆ, "ಅಪ್ಪ ಇದ್ದಾಗ ಈ ಕಾರನ್ನು ಎಂಬತ್ತರ ಮೇಲೆ ಓಡಿಸಿದ್ದೇ ಇಲ್ಲ ಮಾವ. ಒಂದು ಸಲವಾದರೂ ಇದು ಓಡುವುದನ್ನು ನೋಡಬೇಕು ಅನ್ನಿಸುತ್ತೆ" ಎಂದನು. ಅದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ, ಈಗಲೂ ಇಲ್ಲ.

ಮರುದಿನ ಬೆಳಗಿನ ಬಸ್ಸಿಗೆ ಬೆಂಗಳೂರಿಗೆ ಹೊರಟನು. ಟರ್ಬೋ ಇರುವ ಪೆಟ್ಟಿಗೆ ತಂಗಿಯ ಮನೆಯ ಅಟ್ಟದ ಮೇಲೆ, ಅಡಕೆ ಮೂಟೆಗಳ ಪಕ್ಕದಲ್ಲಿದೆ. ಬರುವ ಮಂಗಳವಾರ ಮಣಿಪಾಲದ ಸರದಿ. ಅಷ್ಟರೊಳಗೆ ಶಿವಮೊಗ್ಗದಲ್ಲಿ ಗ್ಯಾರೇಜು ಇಟ್ಟಿರುವ ನನ್ನ ಇಬ್ಬರು ಶಿಷ್ಯರು ಇದನ್ನು ಓದಿದರೆ, ಮೇಲಿನ ಲೆಕ್ಕಗಳಲ್ಲಿ ತಪ್ಪಿದ್ದಲ್ಲಿ ಸಂಕೋಚವಿಲ್ಲದೆ ತಿದ್ದಬೇಕು.