ಕ್ಯಾರಿಯರ್ ನೀವೇ ಹಾಕಿ, ಲೆಕ್ಕಾನೂ ನೀವೇ ಹಾಕಿ

1/7
ಪಿಜಿ ಬದಲಾಯಿಸೋ ಸೀಸನ್ ಬಂತು. ಕಾರಿನ ಟಾಪ್ ಮೇಲೆ ಹಾಸಿಗೆ, ಒಂದು ನೈಲಾನ್ ಹಗ್ಗ, ಎರಡೂ ಕಿಟಕಿಯಿಂದ ಹೊರಗೆ ಬಂದಿರೋ ಎರಡು ಕೈ. ಇಂಥ ಫೋಟೋಗೆ ನೀವೆಲ್ಲ ನಗೋ ಎಮೋಜಿ ಹಾಕ್ತೀರಿ. ನಂಗೆ ನಗು ಬರಲ್ಲ. ಹಾಸಿಗೆ ಅಡಿಗೆ ಗಾಳಿ ನುಗ್ಗಿದ್ರೆ ಆ ಎರಡು ಕೈಯಿಂದ ಏನೂ ಆಗಲ್ಲ. ಅದು ಹಾರಿ ಬೀಳೋದು ಹಿಂದೆ ಬರ್ತಿರೋ ಬೈಕ್‌ನವರ ಮೇಲೆ. ಟಾಪ್ ಮೇಲೆ ಸಾಮಾನು ಹಾಕ್ಲೇಬೇಕು ಅಂದ್ರೆ ಕ್ಯಾರಿಯರ್ ಬೇಕು. ಅದನ್ನ ಅಂಗಡಿಯವರ ಕೈಗೆ ಬಿಡಬೇಡಿ, ನೀವೇ ಕೂರಿಸಿ. ಯಾಕೆ ಅಂತ ಹೇಳ್ತೀನಿ, ಸ್ವೈಪ್ ಮಾಡಿ 👉

2/7
"ಕೂಲಿ ಉಳಿಸೋಕೆ ಇಷ್ಟೆಲ್ಲ ಯಾಕೆ ಗುರು?" ಅಂತೀರಾ. ವಿಷಯ ದುಡ್ಡಿಂದಲ್ಲ, ತೂಕದ್ದು. ಡ್ಯಾಶ್‌ಬೋರ್ಡ್ ಒಳಗೆ ಬಿದ್ದಿರೋ ಮ್ಯಾನ್ಯುಯಲ್ ತೆಗೆದು 'ರೂಫ್ ಲೋಡ್' ಹುಡುಕಿ. ಹಲವು ಕಾರುಗಳಿಗೆ ಅದು 50ರಿಂದ 75 ಕೆಜಿ ಅಷ್ಟೇ. ಕ್ಯಾರಿಯರ್‌ನ ತೂಕವೂ ಅದರೊಳಗೇ ಬರುತ್ತೆ.
ಈಗ ಬಿಕಾಂ ಲೆಕ್ಕ. ಮಿತಿ 50 ಕೆಜಿ ಅಂತಿಟ್ಕೊಳ್ಳಿ. ಕಬ್ಬಿಣದ ಕ್ಯಾರಿಯರ್ 15. ಉಳಿದದ್ದು 35. ತಲಾ 20 ಕೆಜಿಯ ಎರಡು ಸೂಟ್‌ಕೇಸ್ ಇಟ್ರಿ ಅಂದ್ರೆ ಆಗ್ಲೇ 5 ಕೆಜಿ ಓವರ್‌ಡ್ರಾಫ್ಟ್! ಕ್ಯಾರಿಯರ್ ಡಬ್ಬದ ಮೇಲೆ '100 ಕೆಜಿ' ಅಂತಿದ್ರೂ ಲೆಕ್ಕ ಬದಲಾಗಲ್ಲ. ಟಾಪ್, ಕ್ಯಾರಿಯರ್ ಎರಡರಲ್ಲಿ ಯಾವುದರ ಮಿತಿ ಕಡಿಮೆಯೋ ಅದೇ ನಿಮ್ಮ ಮಿತಿ. ನಮ್ಮನೆ ಕಾರಿಗೆ ವಿಚಾರಿಸೋಕೆ ಹೋದ ಅಂಗಡೀಲಿ ಕೇಳಿದ್ದು ಒಂದೇ ಪ್ರಶ್ನೆ: "ಕಪ್ಪು ಬೇಕಾ, ಸಿಲ್ವರ್ ಬೇಕಾ?"

3/7
ನಿಮ್ಮ ಟಾಪ್ ಯಾವ ಥರದ್ದು ಅಂತ ಮೊದ್ಲು ನೋಡಿ. ಅಂಬಾಸಿಡರ್, ಓಮ್ನಿಗೆಲ್ಲ ಅಂಚಲ್ಲಿ ಮಳೆನೀರು ಹರಿಯೋ ಕಾಲುವೆ ಇರ್ತಿತ್ತು, ಕ್ಲ್ಯಾಂಪ್ ಅಲ್ಲೇ ಕಚ್ಕೊಳ್ತಿತ್ತು. ಈಗಿನ ಬಹುತೇಕ ಕಾರುಗಳಲ್ಲಿ ಅದಿಲ್ಲ. ಬಾಗಿಲಿನ ಚೌಕಟ್ಟಿಗೋ ಟಾಪ್ ಮೇಲಿನ ರೈಲಿಗೋ ಹಿಡಿಸಬೇಕು. ಆದ್ರೆ ರೈಲು ಕಂಡ ತಕ್ಷಣ ಖುಷಿಪಡಬೇಡಿ. ಕೆಲವು ರೈಲು ಬರೀ ಶೋಕಿಗೆ ಅಂಟಿಸಿರೋದು, ಭಾರ ಹೊರೋಕಲ್ಲ. ಅದೂ ಮ್ಯಾನ್ಯುಯಲ್‌ನಲ್ಲೇ ಗೊತ್ತಾಗುತ್ತೆ.

4/7
ಕೂರಿಸೋದು ರಾಕೆಟ್ ವಿಜ್ಞಾನ ಏನಲ್ಲ. ಸಮತಟ್ಟಾದ ಜಾಗ, ಇಬ್ಬರು ಜನ, ಒಂದು ಅಲೆನ್ ಕೀ.
✅ ಟಾಪ್ ಚೆನ್ನಾಗಿ ತೊಳೆದು ಒರೆಸಿ. ರಬ್ಬರ್ ಅಡಿ ಧೂಳು ಉಳಿದ್ರೆ ಪೇಂಟ್ ಗೀಚಿಹೋಗುತ್ತೆ.
✅ ಎರಡು ಅಡ್ಡಪಟ್ಟಿ ಎಲ್ಲಿ ಬರ್ಬೇಕು ಅನ್ನೋದನ್ನ ಟೇಪ್ ಹಿಡಿದು ಅಳೆದು ಗುರುತು ಹಾಕಿ.
✅ ನಾಲ್ಕೂ ಬೋಲ್ಟ್ ಮೊದ್ಲು ಕೈಯಲ್ಲೇ ತಿರುಗಿಸಿ. ಆಮೇಲೆ ಎಡಕ್ಕೊಂದ್ಸಲ, ಬಲಕ್ಕೊಂದ್ಸಲ, ಸ್ವಲ್ಪ ಸ್ವಲ್ಪ ಬಿಗಿ ಮಾಡಿ. ಒಂದೇ ಕಡೆ ಪೂರ್ತಿ ಬಿಗಿದ್ರೆ ಪಟ್ಟಿ ಓರೆಯಾಗುತ್ತೆ.
✅ ಎಷ್ಟು ಬಿಗಿ ಅನ್ನೋದಕ್ಕೂ ಕ್ಯಾರಿಯರ್ ಜೊತೆ ಬಂದ ಹಾಳೆಯಲ್ಲಿ ನಂಬರ್ ಇರುತ್ತೆ. ಶಕ್ತಿಪ್ರದರ್ಶನ ಬೇಡ, ಚೌಕಟ್ಟು ಬಗ್ಗುತ್ತೆ.
✅ ಕೊನೆಗೆ ಪಟ್ಟಿ ಹಿಡಿದು ಅಲ್ಲಾಡಿಸಿ. ಇಡೀ ಕಾರು ಅಲ್ಲಾಡಬೇಕು, ಪಟ್ಟಿ ಮಾತ್ರ ಜಾರಬಾರದು.

5/7
ಯಾರಾದ್ರೂ "ಟಾಪ್‌ಗೆ ಎರಡು ತೂತು ಹೊಡೆದ್ರೆ ಗಟ್ಟಿ ನಿಲ್ಲುತ್ತೆ" ಅಂದ್ರೆ ಕೀ ಇಸ್ಕೊಂಡು ಬಂದ್ಬಿಡಿ. ನೀರು ಸೋರುತ್ತೆ, ತುಕ್ಕು ಹಿಡಿಯುತ್ತೆ. ಅದಕ್ಕಿಂತ ದೊಡ್ಡ ಮಾತು: ಕರ್ಟನ್ ಏರ್‌ಬ್ಯಾಗ್ ಇರೋ ಕಾರಲ್ಲಿ ಅದು ಮಡಚಿ ಕೂತಿರೋದೇ ಟಾಪ್‌ನ ಅಂಚಿನ ಒಳಗೆ. ಡ್ರಿಲ್ ಎಲ್ಲಿ ತಾಗುತ್ತೋ ಯಾರಿಗ್ಗೊತ್ತು?

6/7
"ಅಂಗಡಿಯವರಿಗೆ ಅನುಭವ ಇರುತ್ತಲ್ವಾ?" ಇರುತ್ತೆ, ಒಪ್ತೀನಿ. ಆದ್ರೆ ಧರ್ಮಸ್ಥಳಕ್ಕೆ ನಿಮ್ಮ ಜೊತೆ ಅವರು ಬರಲ್ಲ. ಹೊರಟ ಸ್ವಲ್ಪ ದೂರಕ್ಕೇ ಬೋಲ್ಟ್ ಸಡಿಲ ಆಗಿರಬಹುದು, ನಿಲ್ಲಿಸಿ ನೋಡೋರು ಯಾರು? ಬೋಲ್ಟ್ ಎಲ್ಲಿದೆ ಅಂತಲೇ ಗೊತ್ತಿಲ್ಲದೋರು ಏನನ್ನ ಬಿಗಿ ಮಾಡ್ತಾರೆ? ಮೇಲೆ ಭಾರ ಇದ್ರೆ ತಿರುವಲ್ಲಿ ಕಾರು ಹೆಚ್ಚು ವಾಲುತ್ತೆ. ಆಗುಂಬೆಯಲ್ಲಿ ಅಂಥ ತಿರುವು 14 ಇವೆ. ಇನ್ನು ಹೈವೇ: ವೇಗ 60ರಿಂದ 120ಕ್ಕೆ ಹೋದ್ರೆ ಗಾಳಿಯ ಒತ್ತಡ ಎರಡರಷ್ಟಲ್ಲ, ನಾಲ್ಕರಷ್ಟಾಗುತ್ತೆ. ಆವಾಗ ಬಟ್ಟೆ ಒಣಹಾಕೋ ಹಗ್ಗ ಏನು ಮಾಡೀತು? ಲಾರಿಯವರು ಬಳಸೋ ಥರದ ಅಗಲ ಪಟ್ಟಿ ತಗೊಳ್ಳಿ. ಊರಿಗೆ ಬಂದ್ಮೇಲೆ ಕ್ಯಾರಿಯರ್ ಬಿಚ್ಚಿಡಿ. ಖಾಲಿ ಇದ್ರೂ ಅದು ಗಾಳಿ ತಡೆದು ಪೆಟ್ರೋಲ್ ಕುಡಿಯುತ್ತೆ. ನೀವೇ ಹಾಕಿದ್ರೆ ಬಿಚ್ಚೋಕೂ ಬರುತ್ತೆ.

7/7
"ಬಿಕಾಂ ಓದೋ ಹುಡುಗಿಗೆ ಸ್ಪ್ಯಾನರ್ ಯಾಕೆ?" ಅಂತ ಕಾಮೆಂಟ್ ಮಾಡೋಕೆ ಬಂದಿರೋ ಅಣ್ಣಂದಿರೇ, ಸ್ವಾಗತ 🙏 ನಿಮ್ಮ ಕಾರಿನ ರೂಫ್ ಲೋಡ್ ಎಷ್ಟು ಕೆಜಿ? ಅದನ್ನ ಮೊದ್ಲು ಬರೀರಿ, ಆಮೇಲೆ ಜಗಳ ಆಡೋಣ. ಉಳಿದೋರೂ ಇವತ್ತೇ ಮ್ಯಾನ್ಯುಯಲ್ ತೆಗೆದು ನಂಬರ್ ನೋಡಿ ಕಾಮೆಂಟ್‌ನಲ್ಲಿ ಹಾಕಿ. ಪಿಜಿ ಖಾಲಿ ಮಾಡ್ತಿರೋ ಫ್ರೆಂಡ್‌ಗೆ ಈ ಪೋಸ್ಟ್ ಕಳ್ಸಿ. ಹಾಸಿಗೆ ತುಂಬಾ ದೊಡ್ಡದಾದ್ರೆ ಒಂದು ಗೂಡ್ಸ್ ಆಟೋ ಮಾಡ್ಕೊಳ್ಳಿ, ಮರ್ಯಾದೆ ಏನೂ ಹೋಗಲ್ಲ.

#ನಾವೇಮಾಡೋಣ #ಕಾರ್‌ಕ್ಯಾರಿಯರ್ #ಬಿಕಾಂಲೆಕ್ಕ #ಪಿಜಿಶಿಫ್ಟಿಂಗ್