ಎರಡನೇ ವರ್ಷ ಓಡೋದು ಯಾರು, ಓಡಿಸೋದು ಯಾರು?

ಅಮೆರಿಕದ ಎನ್‌ಎಫ್‌ಎಲ್ ಸೀಸನ್ ಹತ್ತಿರ ಬಂದಾಗಲೆಲ್ಲ ಫ್ಯಾಂಟಸಿ ಫುಟ್‌ಬಾಲ್ ಆಡುವವರಿಗೆ ಒಂದೇ ತಲೆನೋವು: ಹೋದ ವರ್ಷ ಮಿಂಚಿದ ಹೊಸ ರನ್ನಿಂಗ್ ಬ್ಯಾಕ್ ಈ ಸಲವೂ ಓಡ್ತಾನಾ? ರನ್ನಿಂಗ್ ಬ್ಯಾಕ್ ಅಂದ್ರೆ ಚೆಂಡನ್ನು ಕಂಕುಳಲ್ಲಿ ಅವುಚಿಕೊಂಡು ಎದುರಾಳಿಗಳ ಗೋಡೆಗೇ ನುಗ್ಗುವವನು. ಅವನು ಓಡಿದ ಯಾರ್ಡ್, ಹಿಡಿದ ಕ್ಯಾಚ್, ಹೊಡೆದ ಟಚ್‌ಡೌನ್ ಎಲ್ಲವೂ ನಿಮಗೆ ಅಂಕ. ಡ್ರೀಮ್11 ಆಡಿದವರಿಗೆ ಬಿಡಿಸಿ ಹೇಳಬೇಕಿಲ್ಲ. ಎರಡನೇ ವರ್ಷ ಕುಸಿತ ಖಚಿತ ಅನ್ನುವವರಿದ್ದಾರೆ, ಜಿಗಿತ ಖಚಿತ ಅನ್ನುವವರೂ ಇದ್ದಾರೆ. ಇಬ್ಬರೂ ಆಟಗಾರನ ಕಾಲನ್ನಷ್ಟೇ ನೋಡ್ತಾರೆ.

ರ‍್ಯಾಮ್ಸ್ ತಂಡದ ಟಾಡ್ ಗರ್ಲಿ ಅವರನ್ನೇ ತಗೊಳ್ಳಿ. 2015ರಲ್ಲಿ, ಮೊದಲ ವರ್ಷವೇ, 229 ಸಲ ಚೆಂಡು ಹಿಡಿದು 1,106 ಯಾರ್ಡ್ ಓಡಿದರು. ಮರುವರ್ಷ 278 ಸಲ ಓಡಿಸಿದರೂ ದಕ್ಕಿದ್ದು 885. ಕತೆ ಮುಗೀತು ಅನ್ನಿಸಿತ್ತು. 2017ರಲ್ಲಿ ಶಾನ್ ಮೆಕ್‌ವೇ ಕೋಚ್ ಆಗಿ ಬಂದರು, ಮುಂದೆ ನಿಂತು ದಾರಿ ಬಿಡಿಸಲು ಆ್ಯಂಡ್ರೂ ವಿಟ್‌ವರ್ತ್ ಬಂದರು. ಅದೇ ಗರ್ಲಿ, 279 ಓಟಕ್ಕೆ 1,305 ಯಾರ್ಡ್, ಒಟ್ಟು 19 ಟಚ್‌ಡೌನ್! ಕಾಲು ಅದೇ, ಬದಲಾದದ್ದು ಸುತ್ತಲಿನವರು.

ನಾಜೀ ಹ್ಯಾರಿಸ್ ವಿಷಯ ಇನ್ನೂ ಸೂಕ್ಷ್ಮ. 2021ರಲ್ಲಿ ಸ್ಟೀಲರ್ಸ್‌ಗೆ 74 ಕ್ಯಾಚ್ ಹಿಡಿದಿದ್ದರು. ಚೆಂಡೆಸೆಯುತ್ತಿದ್ದ ಬೆನ್ ರಾತ್ಲಿಸ್‌ಬರ್ಗರ್ ನಿವೃತ್ತರಾದ ಮೇಲೆ, 2022ರಲ್ಲಿ ಆ ಸಂಖ್ಯೆ 41ಕ್ಕಿಳಿಯಿತು. ಕ್ಯಾಚ್‌ಗೊಂದು ಅಂಕ ಕೊಡುವ ಲೀಗ್‌ನಲ್ಲಿ 33 ಅಂಕ ಅಲ್ಲೇ ಹೋಯ್ತು. ಅಟ್ಲಾಂಟಾದ ಬಿಜಾನ್ ರಾಬಿನ್ಸನ್ ಅವರದು ಉಲ್ಟಾ: 2023ರಲ್ಲಿ 214 ಓಟ, ಕೋಚ್ ಬದಲಾದ ಮೇಲೆ 304. ಯಾರ್ಡ್ 976ರಿಂದ 1,456ಕ್ಕೇರಿತು. ಹಾಗಾಗಿ ನನ್ನ ಲೆಕ್ಕ ಸರಳ. ಹೋದ ವರ್ಷದ ಟಚ್‌ಡೌನ್ ನಂಬಬೇಡಿ, ಅದು ಬಹುಪಾಲು ಅದೃಷ್ಟ. ಈ ವರ್ಷ ಎಷ್ಟು ಸಲ ಚೆಂಡು ಕೈಗೆ ಸಿಗುತ್ತೆ, ಅಷ್ಟು ನೋಡಿ. ಗಾಯವನ್ನು ಮಾತ್ರ ಯಾವ ಲೆಕ್ಕವೂ ಹಿಡಿಯಲ್ಲ.

ಆದರೆ ಈ ಲೆಕ್ಕದೊಳಗೆ ಇನ್ನೊಂದು ಲೆಕ್ಕ ಅಡಗಿದೆ. 2011ರ ಕಾರ್ಮಿಕ ಒಪ್ಪಂದದ ಪ್ರಕಾರ, ಡ್ರಾಫ್ಟ್‌ನಲ್ಲಿ ಬಂದ ಹುಡುಗ ಮೂರು ಸೀಸನ್ ಮುಗಿಯುವ ತನಕ ಸಂಬಳ ಪರಿಷ್ಕರಿಸಿ ಅಂತ ಮಾತುಕತೆಗೇ ಕೂರುವಂತಿಲ್ಲ. ಎರಡನೇ ವರ್ಷದಲ್ಲಿ ಅವನು ಅಗ್ಗ, ಜೊತೆಗೆ ಕಾಲೂ ಸವೆದಿಲ್ಲ. ತಂಡ ಯಾಕೆ ಬಿಡುತ್ತೆ? ನಾವು ಖುಷಿಯಿಂದ ಆರಿಸಿಕೊಳ್ಳುವ ಆ 300 ಓಟ ಅಂದ್ರೆ ಅವನ ಮಂಡಿಗೆ ಬೀಳುವ 300 ಹೊಡೆತ. ದೊಡ್ಡ ಒಪ್ಪಂದ ಕೇಳುವ ಹೊತ್ತಿಗೆ ಅದೇ ಓಟಗಳನ್ನು ತೋರಿಸಿ ‘ಸವೆದಿದ್ದಾನೆ’ ಅಂತಾರೆ. 2023ರ ಜುಲೈನಲ್ಲಿ ಪ್ರಮುಖ ರನ್ನಿಂಗ್ ಬ್ಯಾಕ್‌ಗಳು ವಿಡಿಯೋ ಕಾಲ್‌ನಲ್ಲಿ ಸೇರಿ ಚರ್ಚಿಸಿದ್ದೂ ತಮ್ಮ ಬೆಲೆ ಕುಸಿಯುತ್ತಿರುವ ಬಗ್ಗೆಯೇ. ಗರ್ಲಿಗೆ 2018ರಲ್ಲಿ ದೊಡ್ಡ ಒಪ್ಪಂದ ಸಿಕ್ಕಿತ್ತು ನಿಜ. 2020ರಲ್ಲಿ ರ‍್ಯಾಮ್ಸ್ ಅವರನ್ನು ಕೈಬಿಟ್ಟಾಗ ವಯಸ್ಸು 25. ಅಟ್ಲಾಂಟಾ ಪರ ಇನ್ನೊಂದೇ ಸೀಸನ್ ಆಡಿದರು.